ಕುಂಟರಾಯನ ನಡಿಗೆ

೯ ಜನವರಿ ೨೦೦೫, ಭಾನುವಾರ. ಕಾರವಾರ

ಅಪ್ಪನ ತಮ್ಮ ಪುಂಡಲೀಕ ಕಾಕಾ ಬಂದು ಹೋದ. ಭಾವಿಕೇರಿಯ ಗದ್ದೆಯ ಅಕ್ಕಿ ಒಂದು ಚೀಲ, ಸುಲಿದ ತೆಂಗಿನಕಾಯಿ, ಸಾರಿನ ಹುಳಿಗೆಂದು ಒಣಗಿಸಿದ ಮುರುಗಲ ಸಿಪ್ಪೆ. ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ತರುತ್ತಾನೆ. ಆಯಿ ಅದನ್ನೆಲ್ಲ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗಿಡುತ್ತಾಳೆ. ಆ ಅಕ್ಕಿಯ ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದರೆ, "ಅನ್ನ ಇಳೀದಿದ್ರೆ ಗಂಜಿ ಮಾಡ್ಕೊಡ್ತೆ" ಎನ್ನುತ್ತಾಳೆ.

ಅಪ್ಪ ಹೋಗಿ ಈ ತಿಂಗಳಿಗೆ ಏಳು ವರ್ಷ. ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದೆ ಅಪ್ಪನ ಅಂಗಡಿ 'ತುಳಸಿದಾಸ ಆರ್ಟ್ಸ್' ಎಂದರೆ ಬೋರ್ಡು, ನಾಟಕದ ಪರದೆ, ಎಲ್ಲಕ್ಕಿಂತ ಹೆಚ್ಚಾಗಿ ದೋಣಿಯ ಹೆಸರು. ಬೇಲೇಕೇರಿಯಿಂದ ಅವರ್ಸಾದವರೆಗಿನ ದೋಣಿಗಳ ಮೂತಿಯ ಮೇಲೆ ಅಪ್ಪನ ಅಕ್ಷರ ಇತ್ತು. ನಾನು ಮೊದಲು ಬಣ್ಣದ ಡಬ್ಬ ಹಿಡಿದೆ, ಆಮೇಲೆ ಅಕ್ಷರದೊಳಗೆ ಬಣ್ಣ ತುಂಬಿದೆ, ಕೊನೆಗೆ ಅಪ್ಪ ಕಾಯಿಲೆ ಬಿದ್ದಾಗ ಪೂರ್ತಿ ಬೋರ್ಡುಗಳನ್ನೇ ಬರೆದೆ. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಕಾಕಾ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಲೆ ಕೆರೆದುಕೊಳ್ಳುತ್ತ ಹೇಳಿದ: "ಹೆಣ್ಣುಮಗು ಏಣಿ ಹತ್ತಿ ಬರೀತದೆ ಅಂದ್ರೆ ಗಿರಾಕಿ ಬರ್ತ್ರಾ? ಸದ್ಯ ನಾ ಅಂಗ್ಡಿ ನೋಡ್ಕಂತೆ. ಮುಂದಿಂದು ಯಾವ್ದಕ್ಕೂ ನೋಡ್ವ."

ತಿಂಗಳೊಳಗೆ ಬೋರ್ಡಿನ ಮೇಲೆ 'ಪುಂಡಲೀಕ ಆರ್ಟ್ಸ್' ಎಂದು ಬಂತು. ನಾನೂ ಆಯಿಯೂ ಸೋದರಮಾವನ ಊರೆಂದು ಕಾರವಾರಕ್ಕೆ ಬಂದೆವು. ಖಾಸಗಿ ಶಾಲೆಯಲ್ಲಿ ನಾನು ಮಕ್ಕಳಿಗೆ ಮಾವಿನಹಣ್ಣು, ಧ್ವಜ, ಮನೆಯ ಹಿಂದೆ ಸೂರ್ಯ ಹುಟ್ಟುವುದನ್ನು ಬರೆಯಲು ಕಲಿಸುತ್ತೇನೆ.

ಇವತ್ತು ಹೊರಡುವಾಗ ಚಹದ ಕಪ್ಪು ಇಡುತ್ತ ಕಾಕಾ ಹೇಳಿದ: "ನಮ್ ಚಂದನಾ ಈಗ ಅಕ್ಷರ ಬರೀತದೆ. ಕಾಲೇಜಿಂದ ಬಂದದ್ದೇ ಅಂಗ್ಡಿಗೆ ಬತ್ತದೆ. ಕೈ ಚಲೋ ಅದೆ."

ಅವನ ಮಗಳು ಏಣಿ ಹತ್ತಬಹುದು!

ಎಡಗಾಲು ಎಳೆಯುತ್ತ ಅವನು ರಸ್ತೆಯ ತಿರುವು ಮುಟ್ಟುವವರೆಗೆ ಬಾಗಿಲಲ್ಲೇ ನಿಂತು ನೋಡಿದೆ. ಎಳೆಯುವ ಕಾಲಿನ ಚಪ್ಪಲಿಯ ಹೊರ ಅಂಚು ಪೂರಾ ಸವೆದಿದೆ.

೨೨ ಜನವರಿ

ಕೋಡಿಬಾಗದ ರಸ್ತೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿರುವ ರವಿಕಿರಣ ಶಾಲೆಗೇ ಹುಡುಕಿಕೊಂಡು ಬಂದ. ಮಕ್ಕಳಿಗಾಗಿ ಅರ್ಧ ತಾಸಿನ ಕಾರ್ಟೂನ್ ಮಾಡುತ್ತಾನಂತೆ, ಕನ್ನಡದಲ್ಲಿ, ನಮ್ಮ ಕಡೆಯ ಮಾತಿನಲ್ಲಿ. ಸೀಡಿ ಮಾಡಿ ಮಾರುವುದು, ಲೋಕಲ್ ಕೇಬಲ್‌ನಲ್ಲಿ ಹಾಕಿಸುವುದು. ಕಂಪ್ಯೂಟರಿನ ಕೆಲಸಕ್ಕೆ ಅವನ ಹತ್ತಿರ ಇಬ್ಬರು ಇದ್ದಾರೆ, ಚಿತ್ರ ಬರೆಯುವವರು ಯಾರೂ ಇಲ್ಲ.

"ಕಥೆ ಎಂತದು?" ಎಂದೆ.

"ಸಿಂಪಲ್ ಟೀಚರ್. ಕಾಳಿ ನದೀಲಿ ಒಂದು ಮಡು. ಅಲ್ಲಿ ನೀರುನಾಯಿಗಳ ರಾಜ. ರಾಜ ಸಾಯ್ತಾನೆ, ಅವನ ತಮ್ಮ ಮರಿಯನ್ನ ಓಡಿಸಿ ತಾನೇ ರಾಜ ಆಗ್ತಾನೆ. ಮರಿ ಉಪ್ಪುನೀರಿನ ಕಡೆಗೆ ಹೋಗಿ, ಏಡಿ ತಿಂದು ದೊಡ್ಡದಾಗಿ, ವಾಪಸ್ ಬಂದು ಮಡು ತಕೊಳ್ತದೆ. ಮಕ್ಕಳಿಗೆ ಇಂಥದು ಬೇಕು."

ಸ್ಟಾಫ್ ರೂಮಿನಲ್ಲಿ ಮೂವರು ಟೀಚರುಗಳ ಎದುರು ನನ್ನ ಕಣ್ಣಲ್ಲಿ ನೀರು ಬಂತು. ಸೀಮೆಸುಣ್ಣದ ಪುಡಿ ಎಂದೆ. ಒಪ್ಪಿಕೊಂಡೆ.

೬ ಫೆಬ್ರುವರಿ, ಭಾನುವಾರ

ರವಿಕಿರಣನ ಸ್ಕೂಟರಿನಲ್ಲಿ ಬೆಳಿಗ್ಗೆ ಹಣಕೋಣದ ಕಡೆ ಹೋಗಿ ನದಿಯ ದಂಡೆಯಲ್ಲಿ ಕೂತೆವು. ನೀರುನಾಯಿಗಳು ಬಂದವು. ಮೊದಲು ನೀರಿನ ಮೇಲೆ ಬರೀ ತಲೆಗಳು, ಆಮೇಲೆ ಮರಳಿನ ಮೇಲೆ ಒಂದರ ಮೇಲೊಂದು ಬಿದ್ದು ಹೊರಳಾಟ. ಒಂದು ಮೀನಿಗಾಗಿ ಎರಡು ಜಗಳವಾಡಿದವು, ಮೀನು ಜಾರಿ ನೀರಿಗೆ ಹೋಯಿತು, ಎರಡೂ ಮುಖ ಮುಖ ನೋಡಿಕೊಂಡವು. ಬಹಳ ದಿನದ ಮೇಲೆ ನಗು ಬಂತು.

ಮನೆಗೆ ಬಂದು ಮರಿರಾಜನನ್ನು ಬರೆಯಲು ಕೂತೆ. ಬರಲಿಲ್ಲ. ಎಷ್ಟು ಸಲ ಬರೆದರೂ ಅಂಗಡಿಯಲ್ಲಿ ಮಾರುವ ಬೊಂಬೆಯಂತೆ ಕಣ್ಣು ಬಿಟ್ಟು ನಿಲ್ಲುತ್ತದೆ. ಬಿಟ್ಟು ಚಿಕ್ಕಪ್ಪನನ್ನು ಹಿಡಿದೆ. ಒಂದೇ ಸಲಕ್ಕೆ ಬಂದ. ಕಿವಿಯ ಹಿಂದೆ ಮೀನಿನ ಮುಳ್ಳು ಸಿಕ್ಕಿಸಿದೆ, ಮಾತಾಡುವ ಮೊದಲು ಅದನ್ನು ತೆಗೆದು ತಲೆ ಕೆರೆದುಕೊಳ್ಳುತ್ತಾನೆ. ಆಯಿ ಹಿಂದೆ ಬಂದು ನಿಂತು ನೋಡಿ, ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು.

೨೦ ಫೆಬ್ರುವರಿ

ಇವತ್ತು ಅವನಿಗೆ ಕುಂಟು ಕೊಟ್ಟೆ.

"ಕಥೇಲಿ ಅದು ಇಲ್ವಲ್ಲ ಟೀಚರ್" ಎಂದ ರವಿಕಿರಣ. ದೂರದಿಂದಲೇ ಮಕ್ಕಳಿಗೆ ಗುರುತು ಸಿಗುತ್ತದೆ ಎಂದೆ. ಹೆಸರೂ ನಾನೇ ಇಟ್ಟೆ, ಕುಂಟರಾಯ. ಎಡಗಾಲು ಹೇಗೆ ಹೊರಗೆ ಸುತ್ತು ಹಾಕಿ ಬರುತ್ತದೆ, ಆಗ ಬಲಭುಜ ಹೇಗೆ ಕುಸಿಯುತ್ತದೆ, ಒಂದೊಂದು ಹೆಜ್ಜೆಯನ್ನೂ ಬಿಡಿಬಿಡಿಯಾಗಿ ಬರೆದುಕೊಟ್ಟೆ. ಕಂಪ್ಯೂಟರಿನಲ್ಲಿ ಅವೆಲ್ಲ ಕೂಡಿ ಓಡಿದಾಗ ಆ ಹುಡುಗರಿಬ್ಬರು ಹೊಟ್ಟೆ ಹಿಡಿದು ನಕ್ಕರು. ಅವರಿಗೆ ಕಾಕಾ ಯಾರೆಂದು ಗೊತ್ತಿಲ್ಲ. ಗೊತ್ತಿಲ್ಲದವರೂ ನಗುತ್ತಾರೆ ಎಂದರೆ ಕೆಲಸ ಸರಿಯಾಗಿದೆ ಎಂದರ್ಥ.

ಕಾಕಾನ ಕಾಲು ಮುರಿದದ್ದು ಬೇಲೇಕೇರಿಯಲ್ಲಿ. ದೊಡ್ಡ ಬೋಟೊಂದರ ಹೆಸರು ಬರೆಯಲು ಅಣ್ಣತಮ್ಮ ಇಬ್ಬರೂ ತೂಗುಹಲಗೆಯ ಮೇಲೆ ನಿಂತಿದ್ದರು. ಒಂದು ಕಡೆಯ ಹಗ್ಗ ಬಿಚ್ಚಿಕೊಂಡಿತು. ಅಪ್ಪ ಬೋಟಿನ ಅಂಚು ಹಿಡಿದು ಉಳಿದ, ಕಾಕಾ ಕಲ್ಲಿನ ಮೇಲೆ ಬಿದ್ದ. ಹಗ್ಗ ಕಟ್ಟಿದ್ದು ಅಪ್ಪ ಎಂದು ಆಯಿ ಹೇಳುತ್ತಾಳೆ. ಇರಬಹುದು. ಅದಕ್ಕೂ ಇದಕ್ಕೂ ಏನು ಸಂಬಂಧ?

೧೩ ಮಾರ್ಚ್

ದನಿ ತುಂಬುವ ಕೆಲಸ. ನಾಟಕ ಆಡುವ ನಾಲ್ಕು ಜನರನ್ನು ರವಿಕಿರಣ ಕರೆಸಿದ್ದ. ಮರಿರಾಜನಿಗೆ ಒಬ್ಬ ಹುಡುಗಿ, ಆಮೆಗೆ ಒಬ್ಬ ನಿವೃತ್ತ ಮಾಸ್ತರರು. ಕುಂಟರಾಯನಿಗೆ ಬಂದವನು ಪೌರಾಣಿಕ ನಾಟಕದ ರಾಕ್ಷಸನಂತೆ ಅಬ್ಬರಿಸಿದ.

"ಹಾಗಲ್ಲ" ಎಂದೆ. "ಇವನು ಕೂಗುವುದಿಲ್ಲ. ಮೆತ್ತಗೆ ಮಾತಾಡುತ್ತಾನೆ. ಕಾಳಜಿ ಇದ್ದವನ ಹಾಗೆ." ಅವನಿಗೆ ಬರಲಿಲ್ಲ. ಕೊನೆಗೆ ಹೀಗೆ ಎಂದು ತೋರಿಸಲು ಮೈಕಿನ ಮುಂದೆ ನಾನೇ ನಿಂತೆ: "ಮರಿ ನೀನು, ಮಡು ದೊಡ್ದು. ಸದ್ಯ ನಾ ನೋಡ್ಕಂತೆ. ಮುಂದಿಂದು ಯಾವ್ದಕ್ಕೂ ನೋಡ್ವ."

ರವಿಕಿರಣ "ಬರೇಂ, ಭಾರೀ ಚಲೋ! ಬೇರೆಯವರು ಯಾಕೆ, ನೀವೇ ಮಾಡಿ. ದನಿ ದಪ್ಪ ಮಾಡೋದು ಕಂಪ್ಯೂಟರಿನ ಕೆಲಸ" ಎಂದ.

ಕುಂಟರಾಯನ ಎಲ್ಲ ಮಾತನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಒಂದು ಕಡೆಯೂ ತಡವರಿಸಲಿಲ್ಲ. ಕಾಗದದಲ್ಲಿ ಇಲ್ಲದ ಮಾತುಗಳೂ ತಾವಾಗಿ ಬಾಯಿಗೆ ಬಂದವು.

೯ ಏಪ್ರಿಲ್, ಯುಗಾದಿ

ಚಂದನಾ ಹೋಳಿಗೆ ತೆಗೆದುಕೊಂಡು ಬಂದಿದ್ದಳು. ಇಪ್ಪತ್ತು ವರ್ಷದ ಹುಡುಗಿ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. "ಹೀರಕ್ಕ, ಕಾರ್ಟೂನ್ ಮಾಡ್ತಿದ್ಯಂತೆ, ನಂಗೆ ತೋರ್ಸು" ಎಂದು ಬೆನ್ನು ಹತ್ತಿದಳು. ಆಯಿ ಬೇಡ ಬೇಡ ಎಂದು ಕಣ್ಣು ಮಾಡಿದಳು. ಬೇಡವೇಕೆ? ಕರೆದುಕೊಂಡು ಹೋದೆ.

ಮೊದಲು ಬಾಯಿ ಬಿಟ್ಟುಕೊಂಡು ನೋಡಿದಳು. ನೀರಿನೊಳಗೆ ಮರಿ ಈಜುವ ಜಾಗದಲ್ಲಿ ಚಪ್ಪಾಳೆ ತಟ್ಟಿದಳು. ಕುಂಟರಾಯ ಬಂಡೆಯ ಹಿಂದಿನಿಂದ ಬಂದ. ಚಂದನಾ ನಗುವುದಕ್ಕೆಂದು ತೆರೆದ ಬಾಯಿ ಹಾಗೇ ನಿಂತಿತು.

"ಅಕ್ಕಾ, ಇದು ಅಪ್ಪ ಅಲ್ದಾ?"

"ನೀರುನಾಯಿ."

ಅವಳು ಮತ್ತೊಮ್ಮೆ ಹಾಕಲು ಹೇಳಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆ, ಪರದೆಯನ್ನೇ ನೋಡುತ್ತ ಹೇಳಿದಳು: "ಮುಳ್ಳು ಇರ್ಲಿ. ಮಾತೂ ಇರ್ಲಿ, ಅಪ್ಪ ಅಂದದ್ದು ಹೌದು, ನಂಗೂ ಗೊತ್ತದೆ. ಕಾಲು ಒಂದು ತೆಗ್ದುಬಿಡು ಅಕ್ಕಾ."

"ಆಗೂದಿಲ್ಲ. ಎಲ್ಲ ಚಿತ್ರ ಮತ್ತೆ ಬರೀಬೇಕಾಗ್ತದೆ."

"ನಾ ಬರೀತೆ. ರಜೆ ತುಂಬ ಇಲ್ಲೇ ಕೂತು ನಾ ಬರ್ದುಕೊಡ್ತೆ."

ನನ್ನ ಗೆರೆಯ ಮೇಲೆ ಅವಳ ಗೆರೆ ಎಳೆಯುತ್ತಾಳಂತೆ. ಬಸ್ಸಿಗೆ ತಡವಾಗುತ್ತದೆ ಹೊರಡು ಎಂದೆ. ಹೋದಳು. ಹೋಳಿಗೆಯ ಡಬ್ಬ ಇಲ್ಲೇ ಬಿಟ್ಟು ಹೋಗಿದ್ದಾಳೆ. ಆಯಿ ತಿನ್ನಲಿಲ್ಲ, ನಾನು ಎರಡು ತಿಂದೆ.

೧೫ ಮೇ, ಭಾನುವಾರ

'ಮಡುವಿನ ರಾಜ' ತೆರೆ ಕಂಡಿತು. ಶಾಲೆಯ ಸಭಾಂಗಣ ತುಂಬಿ ಮಕ್ಕಳು ಕಿಟಕಿಯ ಮೇಲೆ ಹತ್ತಿ ಕೂತಿದ್ದರು. ಮರಿರಾಜ ದೊಡ್ಡವನಾಗಿ ತಿರುಗಿ ಬಂದಾಗ ಸೀಟಿ ಹೊಡೆದರು. ಆದರೆ ಕುಂಟರಾಯ ಬಂದಾಗಲೆಲ್ಲ ಎದ್ದ ನಗೆಯ ಮುಂದೆ ಅದು ಏನೂ ಅಲ್ಲ. ಕೊನೆಯಲ್ಲಿ ಇಡೀ ಮಡುವಿನ ಪ್ರಾಣಿಗಳು ಸಾಲಾಗಿ ನಿಂತು ನೋಡುತ್ತಿರುವಾಗ ಅವನು ಕುಂಟುತ್ತ ಕುಂಟುತ್ತ ಹೊರಟುಹೋಗುತ್ತಾನೆ. ಆ ನಡಿಗೆಯನ್ನು ಉದ್ದ ಮಾಡಿಸಿದ್ದು ನಾನೇ.

ಹೊರಗೆ ಬಂದರೆ ಅಂಗಳದಲ್ಲಿ ಮಕ್ಕಳೆಲ್ಲ ಎಡಗಾಲು ಎಳೆದು ನಡೆಯುತ್ತಿದ್ದರು. "ಯಾವ್ದಕ್ಕೂ ನೋಡ್ವ, ಯಾವ್ದಕ್ಕೂ ನೋಡ್ವ." ಮುಖ್ಯೋಪಾಧ್ಯಾಯಿನಿ ಎಂದೂ ನನ್ನ ಹೆಸರು ಹಿಡಿದು ಕರೆದವರಲ್ಲ. ಇವತ್ತು ಕೈ ಹಿಡಿದು "ಹೀರಾ, ಆ ಚಿಕ್ಕಪ್ಪನ ಪಾತ್ರ ಎಷ್ಟು ಜೀವಂತ!" ಎಂದರು.

ಆಯಿ ತಲೆನೋವೆಂದು ಬರಲಿಲ್ಲ.

೨೯ ಮೇ

ಅಂಕೋಲೆಯ ಕೇಬಲ್‌ನಲ್ಲಿ ವಾರದಿಂದ ದಿನಕ್ಕೆರಡು ಸಲ ಬರುತ್ತಿದೆ. ರಜೆಯ ದಿನಗಳು, ಮಕ್ಕಳಿಗೆ ಬೇರೇನೂ ಕೆಲಸವಿಲ್ಲ. ಸೀಡಿಯನ್ನು ಮೀನುಪೇಟೆಯ ಎದುರಿನ ಅಂಗಡಿಯಲ್ಲಿ ತೂಗುಹಾಕಿದ್ದಾರಂತೆ, ಮುಖಪುಟದಲ್ಲಿ ಮರಿರಾಜನಿಗಿಂತ ದೊಡ್ಡದಾಗಿ ಕುಂಟರಾಯ. ಅಂಕೋಲೆಯಿಂದ ಬರುವ ಗುಮಾಸ್ತೆಯೊಬ್ಬರು ಶಾಲೆಯಲ್ಲಿ ಕಣ್ಣು ಮಿಟುಕಿಸಿ ಕೇಳಿದರು: "ಪುಂಡಲೀಕ ಪೇಂಟರು ನಿಮ್ಮ ಸಂಬಂಧಿಕರಲ್ವಾ?"

ಹೌದು ಎಂದೆ. ಸಂಬಂಧಿಕರೇ.

೧೨ ಜೂನ್

ಜೋರು ಮಳೆ. ಬಾಗಿಲು ಬಡಿದ ಸದ್ದಿಗೆ ತೆರೆದರೆ ನಾಗಿ ಕಾಕಿ, ಕಾಕಾನ ಹೆಂಡತಿ. ಒಳಗೆ ಬಾ ಎಂದು ಆಯಿ ಕರೆದರೂ ಬರಲಿಲ್ಲ. ಕೊಡೆ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತಳು.

"ನಾ ಕೂತ್ಕಳೂಕೆ ಬರ್ಲಿಲ್ಲ ಅಕ್ಕಾ. ಈ ಹೀರಾಗೆ ಒಂದು ಮಾತು ಕೇಳೂಕೆ ಬಂದೆ." ನನ್ನ ಕಡೆ ತಿರುಗಿದಳು. "ನಿನ್ ಕಾಕಾ ಪೇಟೆಗೆ ಹೋಗೂದು ಬಿಟ್ಟಾಯ್ತು. ಮಕ್ಳು ಹಿಂದಿಂದ ಕುಂಟ್ತಾ ಬತ್ರು. ದೊಡ್ಡೋರು ಬೈಯೂಕಿಲ್ಲ, ನಗಾಡ್ತ್ರು. ನಿನ್ನೆ ಅಂಗ್ಡಿ ಬಾಗ್ಲ ಮೇಲೆ ಯಾರೋ ಡಾಂಬರಲ್ಲಿ 'ಕುಂಟರಾಯ ಆರ್ಟ್ಸ್' ಅಂದ್ಕಂಡಿ ಬರ್ದು ಹೋಗಿದ್ರು. ಸೀಮೆಎಣ್ಣೆ ಹಾಕಿ ತಿಕ್ಕಿದ್ದು ನನ್ ಮಗಳು."

"ಅಂಗಡಿ ಯಾರದು ಅಂತ ಊರಿಗೆ ಗೊತ್ತಾಯ್ತಲ್ಲ, ಸಾಕು" ಎಂದೆ.

"ಅಂಗ್ಡಿ ಬೇಕಾಗಿತ್ತು ಅಂದ್ರೆ ಬಾಯ್ಬಿಟ್ಟು ಕೇಳ್ಬೇಕಾಗಿತ್ತು. ಅಂವ ಮಾಡಿದ್ದು ತಪ್ಪೇಯಾ, ನಾನೂ ಹೇಳ್ತೆ. ಕಾಲು ಎಂತ ಮಾಡಿತ್ತೇ ನಿಂಗೆ?"

ನನಗೆ ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಮಳೆಯ ಸದ್ದಿನಲ್ಲಿ ಕೂಗಿ ಹೇಳಬೇಕಾಗಿತ್ತು, ಅದಕ್ಕೇ ಸುಮ್ಮನಾದೆ. ಏಳು ವರ್ಷದಲ್ಲಿ ಇವರು ಯಾರಾದರೂ ನನ್ನನ್ನು ಕೇಳಿದ್ದರೇ, ನಿನಗೆ ಏನು ಬೇಕು ಎಂದು?

ಆಯಿ ಕಾಕಿಯ ಜೊತೆ ಕೊಡೆಯಲ್ಲಿ ಬಸ್ ಸ್ಟ್ಯಾಂಡಿನವರೆಗೆ ಹೋದಳು. ಬಂದು ಒದ್ದೆ ಸೀರೆಯಲ್ಲೇ ಕೂತಿದ್ದಳು. ಊಟಕ್ಕೆ ನಾನೇ ಬಡಿಸಿಕೊಂಡೆ.

೨೬ ಜೂನ್, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಕಾಕಾ ಬಂದ. ಈ ಸಲ ಕೈಯಲ್ಲಿ ಚೀಲವಿರಲಿಲ್ಲ. ಕಿವಿಯ ಮೇಲೆ ಪೆನ್ಸಿಲ್ಲೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿದು, ಅಂಗಡಿಯ ಬೀಗದ ಕೈಯನ್ನು ಟೀಪಾಯಿಯ ಮೇಲಿಟ್ಟ.

"ಅಣ್ಣನ ಅಂಗ್ಡಿ. ತಡ ಆತು" ಎಂದ.

ನಾನು ಅದನ್ನು ಮುಟ್ಟದೆ ನೋಡುತ್ತ ಕೂತೆ.

"ನೀ ಬಂದ್ಕಂಡಿ ಕೇಳ್ತಿ, ಜಗಳಾಡ್ತಿ ಅಂತ ಮೊದ್ಮೊದ್ಲು ಕಾದೆ. ನೀ ಕೇಳ್ಲಿಲ್ಲ. ಕೇಳ್ಲಿಲ್ಲ ಅಂದ್ಮೇಲೆ ನಂಗೂ ಅದೇ ಅನುಕೂಲ ಆತು. ತಪ್ಪು ನಂದೇಯಾ." ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ. "ನಿನ್ ಪಿಚ್ಚರ್ ನೋಡ್ದೆ. ಮನೇಲಿ ಯಾರೂ ಇಲ್ದಾಗ ಹಾಕ್ಕಂಡಿ ನೋಡ್ದೆ. ಚಲೋ ತೆಗ್ದಿ. ನಾ ನಡೂದು ಹೀಂಗೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು. ಕನ್ನಡೀಲಿ ನಿಂತದ್ದು ಮಾತ್ರ ಕಾಣ್ತದೆ, ನಡೂದು ಕಾಣೂದಿಲ್ಲ."

ಅವನು ಕೂಗಾಡಿದ್ದರೆ ಹೇಳಲೆಂದು ಎಷ್ಟೋ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಆಯಿ ಒಳಗಿನಿಂದ ಅವಲಕ್ಕಿ ತಂದಳು, ಅವನು ಬೇಡವೆಂದ. ಹೊರಡುವಾಗ ಹೊಸ್ತಿಲ ಬಳಿ ನಿಂತ. ನಾನು ನೋಡುತ್ತಿದ್ದೇನೆಂದು ಅವನಿಗೆ ತಿಳಿಯಿತು. ಕಾಲು ನೆಟ್ಟಗೆ ಇಡಲು ಪ್ರಯತ್ನಿಸಿದ. ಗೇಟಿನವರೆಗೂ ಹಾಗೇ ಪ್ರಯತ್ನಿಸುತ್ತ ಹೋದ.

ಬೀಗದ ಕೈ ಅಪ್ಪನ ಕಾಲದ್ದೇ.

೧೦ ಜುಲೈ. ಅಂಕೋಲಾ

ಶಾಲೆಗೆ ರಾಜೀನಾಮೆ ಕೊಟ್ಟಾಯಿತು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ನಾನೂ ಆಯಿಯೂ ಇದ್ದೇವೆ. ಇವತ್ತು ಬೋರ್ಡು ಕೆರೆದು ಮತ್ತೆ 'ತುಳಸಿದಾಸ ಆರ್ಟ್ಸ್' ಎಂದು ಬರೆದೆ. ಪೂಜೆಗೆ ಆಯಿ ದೀಪ ಹಚ್ಚಿದಳು, ಕೈ ಮುಗಿಯಲಿಲ್ಲ.

ರವಿಕಿರಣ ಹೂವಿನ ಹಾರ ತಂದಿದ್ದ. ಅವನಿಗೆ ಈಗ ಬಿಡುವಿಲ್ಲ. ಸೀಡಿಯಿಂದ ಬಂದ ಲಾಭದಲ್ಲಿ ಫ್ಲೆಕ್ಸ್ ಯಂತ್ರ ಹಾಕಿದ್ದಾನೆ. ಒಂದು ತಾಸಿನಲ್ಲಿ ಗೋಡೆಯಷ್ಟು ದೊಡ್ಡ ಬೋರ್ಡು ಹೊರಬರುತ್ತದಂತೆ. "ನೀವೂ ಆರ್ಡರ್ ಹಿಡಿದು ಕೊಡಿ ಟೀಚರ್, ಕೈಯಲ್ಲಿ ಬರೆಯೋದು ಇನ್ನೆಷ್ಟು ದಿನ" ಎಂದು ನಗುತ್ತ ಹೇಳಿದ. ಪೇಟೆಯಲ್ಲಿ ಆಗಲೇ ಮೂರ್ನಾಲ್ಕು ಕಡೆ ಅವನದೇ ಫ್ಲೆಕ್ಸ್ ಇದೆ. ಒಂದರಲ್ಲಿ ಕುಂಟರಾಯ ಕೊಡೆ ಹಿಡಿದು ಮಳೆಗಾಲದ ಚಪ್ಪಲಿ ಮಾರುತ್ತಿದ್ದಾನೆ.

ಸಂಜೆ ಚಂದನಾ ಬಂದಳು. ಒಳಗೆ ಕಾಲಿಡದೆ ಬಾಗಿಲಲ್ಲಿ ನಿಂತು ಕೇಳಿದಳು: "ಹೀರಕ್ಕ, ಕಾಲೇಜಿನ ಮೇಲೆ ನಾ ಬರ್ಲಾ? ಪಗಾರ ಬೇಡ. ಕುಂಚ ಹಿಡ್ಕಂಡಿ ರೂಢಿ ಆಗದೆ, ಮನೇಲಿ ಕೈ ಕಟ್ಟಿ ಕೂತಂಗಾತದೆ."

ಪಾಪ ಎನಿಸಿತು. ಆದರೆ ಈಗಷ್ಟೇ ಅಂಗಡಿ ಕೈಗೆ ಬಂದಿದೆ. ಗಿರಾಕಿಗಳು ಯಾರನ್ನು ನೋಡಿ ಬರಬೇಕು, ಯಾರ ಹತ್ತಿರ ಮಾತಾಡಬೇಕು ಎಂಬ ಗೊಂದಲವಾಗಬಾರದು. "ಸದ್ಯ ಬೇಡ, ಮುಂದೆ ನೋಡ್ವ" ಎಂದು ಸಮಾಧಾನದಿಂದಲೇ ಹೇಳಿ ಕಳಿಸಿದೆ.

ಅವಳು ನನ್ನ ಮುಖವನ್ನು ಯಾಕೆ ಹಾಗೆ ನೋಡಿದಳೋ ತಿಳಿಯಲಿಲ್ಲ.

೨೪ ಜುಲೈ

ಮಳೆ. ಒಬ್ಬರೂ ಬರಲಿಲ್ಲ.

೭ ಆಗಸ್ಟ್, ಭಾನುವಾರ

ನಾರಳಿ ಹುಣ್ಣಿಮೆ ಹತ್ತಿರ ಬಂತು. ಅಂದು ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸಿ ದೋಣಿಗಳು ಇಳಿಯುತ್ತವೆ. ಅಷ್ಟರೊಳಗೆ ಎಲ್ಲ ದೋಣಿಗೂ ಹೊಸ ಬಣ್ಣ, ಹೊಸ ಅಕ್ಷರ ಆಗಬೇಕು. ಅಪ್ಪನ ಕಾಲದಲ್ಲಿ ಈ ಹದಿನೈದು ದಿನ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ನಾನು ಎನಾಮೆಲ್ ಡಬ್ಬಗಳನ್ನು ಸಾಲಾಗಿ ಜೋಡಿಸಿಟ್ಟು ಕಾಯುತ್ತಲೇ ಇದ್ದೆ. ಇವತ್ತು ಬೇಲೇಕೇರಿಯ ಹುಲಿಯಾ ಪೇಟೆಯಲ್ಲಿ ಕಂಡ. ಅಪ್ಪನ ಹಳೆಯ ಗಿರಾಕಿ, ದೋಣಿಯ ಯಜಮಾನ. "ಹುಲಿಯಜ್ಜ, ದೋಣಿಗೆ ಈ ವರ್ಷ ಬಣ್ಣ ಇಲ್ವಾ?" ಎಂದು ನಾನೇ ಕೂಗಿ ಕೇಳಿದೆ.

"ಆತಾ ಅದಲ್ಲೇ ತಂಗಿ. ಪುಂಡಲೀಕ ಅಲ್ಲೇ ಬಂದ್ಕಂಡಿ ಕೂತಾನೆ. ಬಂದರ ಮೇಲೇಯಾ."

ಮಧ್ಯಾಹ್ನದ ಬಸ್ಸಿಗೆ ಹೋದೆ. ಜೆಟ್ಟಿಯ ಪಕ್ಕದಲ್ಲಿ ಮಳೆಗೆ ಮರೆಯಾಗಿ ನೀಲಿ ತಾಡಪತ್ರೆ ಕಟ್ಟಿಕೊಂಡು, ಕವುಚಿ ಹಾಕಿದ ಸಣ್ಣ ದೋಣಿಯ ಮೇಲೆ ಕಾಕಾ ಕೂತಿದ್ದ. ಬಣ್ಣ ಕಲಸುತ್ತಿದ್ದ. ಸುತ್ತ ಐದಾರು ಜನ ದೋಣಿಯ ಯಜಮಾನರು ಬೀಡಿ ಸೇದುತ್ತ ಹರಟೆ ಹೊಡೆಯುತ್ತಿದ್ದರು. ಇಲ್ಲಿ ಯಾರೂ ಅವನನ್ನು ನೋಡಿ ನಗುತ್ತಿರಲಿಲ್ಲ. ಅವನು ಬಿದ್ದದ್ದು ಇದೇ ಕಲ್ಲಿನ ಮೇಲೆ, ಎತ್ತಿಕೊಂಡು ಹೋದವರು ಇವರೇ ಇದ್ದಿರಬಹುದು. ದೋಣಿಯೊಂದರ ಮಗ್ಗುಲಿಗೆ ಕಟ್ಟಿದ ಹಲಗೆಯ ಮೇಲೆ ಚಂದನಾ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ. ಅವಳ ಕುಂಚ ಒಂದೇ ಎಳೆತಕ್ಕೆ ಅಕ್ಷರದ ಹೊಟ್ಟೆ ಸುತ್ತಿ ಬರುತ್ತಿತ್ತು.

ಕಾಕಾ ನನ್ನನ್ನು ನೋಡಿದ. "ಬಾರೇ ಹೀರಾ. ಚಾ ಅದೆ, ಕುಡಿ" ಎಂದು ಫ್ಲಾಸ್ಕಿನ ಕಡೆ ಕೈ ತೋರಿಸಿದ. ಏನೂ ಆಗಿಲ್ಲವೆಂಬಂತೆ. ಯಜಮಾನರೆಲ್ಲ ಒಂದು ಕ್ಷಣ ನನ್ನ ಕಡೆ ತಿರುಗಿ ಮತ್ತೆ ತಮ್ಮ ಮಾತಿಗೆ ಹೋದರು.

ಅಂಗಡಿ ಕೊಟ್ಟವನು ಗಿರಾಕಿಗಳನ್ನು ತನ್ನ ಹತ್ತಿರ ಇಟ್ಟುಕೊಂಡು ಕೊಟ್ಟಿದ್ದಾನೆ. ಎಂಥ ಚಾಣಾಕ್ಷ! ಚಹ ಕುಡಿಯದೆ ಬಂದೆ.

೧೧ ಆಗಸ್ಟ್

ಜೆಟ್ಟಿಯ ಉಸ್ತುವಾರಿ ನೋಡುವವರನ್ನು ಹೋಗಿ ಕಂಡೆ. ಯಾರ ಮೇಲೂ ದೂರು ಹೇಳಲಿಲ್ಲ. ಜೆಟ್ಟಿಯ ಮೇಲೆ ತಾಡಪತ್ರೆ ಕಟ್ಟಿ ವ್ಯಾಪಾರ ಮಾಡಬೇಕಾದರೆ ಪರವಾನಿಗೆ ಬೇಕೋ ಬೇಡವೋ ಎಂದು ಕೇಳಿದೆ ಅಷ್ಟೆ. ಬೇಕು ಎಂದರು. ಅಂಗಡಿ ಇಟ್ಟು ತೆರಿಗೆ ಕಟ್ಟುವವರಿಗೂ ಇದಕ್ಕೂ ವ್ಯತ್ಯಾಸ ಇರಬೇಕಲ್ಲ. ಕೇಳುವುದರಲ್ಲಿ ತಪ್ಪೇನು?

೧೬ ಆಗಸ್ಟ್

ನಿನ್ನೆ ಕಾವಲಿನವರು ತಾಡಪತ್ರೆ ಬಿಚ್ಚಿಸಿದರಂತೆ. ಹಲಗೆಯಿಂದ ಚಂದನಾಳನ್ನು ಇಳಿಸಿ, ಡಬ್ಬಗಳನ್ನು ಹೊರಗಿಟ್ಟರಂತೆ. ಕಾಕಾ ಕುಂಚ ತೊಳೆದುಕೊಂಡು ಮನೆಗೆ ಹೋದನಂತೆ. ಹೇಳಿದ್ದು ಆಯಿ.

"ನೀ ಹೋಗಿ ಹೇಳಿದ್ಯಾ?"

"ಕೇಳಿದೆ ಅಷ್ಟೆ."

ಆಯಿ ಒಳಗೆ ಹೋಗಿ ನಾಲ್ಕು ಸೀರೆ, ದೇವರ ಸಣ್ಣ ಪಟ, ಅಪ್ಪನ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡಳು.

"ಎಲ್ಲಿಗೆ?"

"ಭಾವಿಕೇರಿಗೆ. ಪುಂಡಲೀಕನ ಮನೆಗೆ."

"ಅವನು ನಮ್ಮನ್ನು ಓಡಿಸಿದವನು ಆಯಿ."

"ಹೌದು. ಓಡ್ಸಿದ್ಮೇಲೆ ಅಕ್ಕಿ ತಂದ್ಕೊಟ್ಟ. ನೀ ಎಂತ ತಗಂಡ್ಹೋಗ್ತಿ ಅವ್ರಿಗೆ?"

ಬಸ್ಸಿಗೆ ಹತ್ತಿಸಲು ಹೋದೆ. ಚೀಲ ನನ್ನ ಕೈಗೆ ಕೊಡಲಿಲ್ಲ.

೧೯ ಆಗಸ್ಟ್, ನಾರಳಿ ಹುಣ್ಣಿಮೆ

ಬೆಳಿಗ್ಗೆ ಬೇಲೇಕೇರಿಗೆ ಹೋದೆ. ದಂಡೆಯ ತುಂಬ ಜನ, ವಾದ್ಯ, ಹೂವು ಕಟ್ಟಿದ ದೋಣಿಗಳು. ಕಾಕಾ, ಚಂದನಾ ಎಲ್ಲೂ ಕಾಣಲಿಲ್ಲ. ಹುಲಿಯಾನ ದೋಣಿ ಎಲ್ಲದಕ್ಕಿಂತ ಈಚೆಗಿತ್ತು. ಕಡುನೀಲಿ ಮೈಮೇಲೆ ಹಳದಿಯಲ್ಲಿ 'ಸಾಗರ' ಎಂದು ಚೆಂದವಾಗಿ ಬರೆದಿತ್ತು. ಅದರ ಪಕ್ಕದಲ್ಲಿ ಹೆಸರಿನ ಉಳಿದರ್ಧ, 'ಲಕ್ಷ್ಮಿ', ಬರೀ ಸೀಮೆಸುಣ್ಣದ ಗೆರೆಯಲ್ಲಿ. ಅಷ್ಟರಲ್ಲೇ ಚಂದನಾಳನ್ನು ಹಲಗೆಯಿಂದ ಇಳಿಸಿದ್ದಿರಬೇಕು.

ಕುಂಚ, ಬಣ್ಣ ನನ್ನ ಚೀಲದಲ್ಲೇ ಇತ್ತು. "ಹುಲಿಯಜ್ಜ, ಅರ್ಧ ತಾಸು ಕೊಡು, ಮುಗಿಸಿಕೊಡ್ತೇನೆ. ದುಡ್ಡು ಬೇಡ" ಎಂದೆ.

ಹುಲಿಯಾ ದೋಣಿಯ ಅಂಚಿಗೆ ಅರಿಶಿನ ಹಚ್ಚುತ್ತಿದ್ದವನು ಕೈ ನಿಲ್ಲಿಸಿದ.

"ಬ್ಯಾಡ ತಂಗಿ."

"ಅರ್ಧ ಹೆಸರು ಇಟ್ಟುಕೊಂಡು ಸಮುದ್ರಕ್ಕೆ ಹೋಗ್ತೀಯಾ?"

"ಹೋತೆ. ಬರೂ ವರ್ಷ ಆ ಹುಡ್ಗಿ ಬಂದ್ಕಂಡಿ ಮುಗಿಸ್ತದೆ. ಅಲ್ಲೀವರೆಗೆ ಸಾಗರ ಅಂದ್ರೆ ಸಾಕು."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಹೆಂಗಸರು ಆರತಿ ಎತ್ತಿದರು, ಹುಲಿಯಾ ಕಾಯಿಯನ್ನು ನೀರಿಗೆ ಬಿಟ್ಟ, ಹತ್ತಿಪ್ಪತ್ತು ಜನ ಭುಜ ಕೊಟ್ಟು ದೋಣಿಯನ್ನು ನೂಕಿದರು. ಮೊದಲ ತೆರೆ ಮೂತಿಗೆ ಹೊಡೆಯಿತು. ಸೀಮೆಸುಣ್ಣ ತೊಳೆದುಹೋಯಿತು. ಸಾಗರ ಮಾತ್ರ ಉಳಿಯಿತು. ಬಹಳ ದೂರದವರೆಗೂ ಓದಲು ಬರುತ್ತಿತ್ತು.

ನಾನು ಬಣ್ಣದ ಡಬ್ಬ ಹಿಡಿದುಕೊಂಡು ನಿಂತೇ ಇದ್ದೆ. ಆಮೇಲೆ ಬಸ್ಸಿಗೆ ಬಂದೆ.